ಒಂದು ವರ್ಷ ಮುಂದಿನ ತಾರೀಖು

"ನೀವು ಡಾಕ್ಟರಾ?"

"ಅಲ್ಲ."

"ವಕೀಲರು?"

"ಅಲ್ಲ."

"ಹೋಗ್ಲಿ, ಭವಿಷ್ಯ ಗಿವಿಷ್ಯ ಹೇಳ್ತೀರೋ?"

"ಇಲ್ಲ."

"ಮತ್ತೆ ಹೊರಗಡೆ ಬೋರ್ಡಿನ ಮೇಲೆ ಲೈಫ್ ಕೋಚ್ ಅಂತಿದೆ. ನಂಗೆ ಗೊತ್ತಿರೋ ಕೋಚು ಎರಡೇ. ಒಂದು ರೈಲಿನದು, ಇನ್ನೊಂದು ಪೀಪಿ ಊದ್ತಾ ಮಕ್ಕಳನ್ನ ಓಡಿಸೋದು. ನೀವು ಯಾವ ಪೈಕಿ?"

ಎದುರಿಗೆ ಕುಳಿತಿದ್ದ ಹೆಂಗಸು ನಗಲಿಲ್ಲ. ಸಿಟ್ಟಾಗಲೂ ಇಲ್ಲ. ಐವತ್ತರ ಆಸುಪಾಸು, ಗಿಡ್ಡ ಕೂದಲು, ಮಡಿಲಲ್ಲಿ ಎರಡೂ ಕೈ. ಯಾವುದಕ್ಕೇ ಆಗಲಿ ಉತ್ತರ ಹೇಳುವ ಮುಂಚೆ ಮೂರು ಸಲ ಉಸಿರಾಡುವಷ್ಟು ಹೊತ್ತು ಸುಮ್ಮನಿರುವುದು ಆಕೆಯ ರೂಢಿ ಎಂದು, ಪ್ರಶ್ನೆ ಕೇಳುತ್ತಿದ್ದ ದುರ್ಬೀನಮ್ಮ ಐದೇ ನಿಮಿಷದಲ್ಲಿ ಕಂಡುಕೊಂಡಿದ್ದಳು.

"ನಾನೊಂದು ಕೇಳ್ಲಾ?" ಎಂದಳು ಕೋಚ್. "ಇಲ್ಲಿಂದ ಎದ್ದು ಹೋಗೋವಾಗ ನಿಮಗೆ ಏನು ಗೊತ್ತಾಗಿರ್ಬೇಕು?"

"ನೋಡಿ ತಾಯಿ, ಕೇಳೋದು ನನ್ನ ಕಸುಬು."

"ನನ್ನದೂ ಅದೇ."

ಬೀಗದ ಕೈ ಮಾಡಿಕೊಡುವ ಅಂಗಡಿಯ ಮೇಲಿನ ಮಹಡಿ ಅದು. ಕೆಳಗೆ ಯಂತ್ರ ಕೀಲಿ ಕೊರೆಯುವ ಕಿರ್ರೆನ್ನುವ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಕೋಣೆಯಲ್ಲಿ ಒಂದೇ ಎತ್ತರದ ಮೂರು ಕುರ್ಚಿಗಳು, ನಡುವೆ ಮೇಜಿಲ್ಲ. ಗಡಿಯಾರ ಬಂದವರ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಹೊತ್ತು ನೋಡಿಕೊಳ್ಳುವ ಕಷ್ಟ ಕೋಚಿಗೆ ಮಾತ್ರ. ಮೂಲೆಯಲ್ಲಿ ಕಬ್ಬಿಣದ ಒಂದು ಬೀರು.

ಮೂರನೆಯ ಕುರ್ಚಿಯಲ್ಲಿ, ಕಾಣೆಯಾದವಳ ಅಕ್ಕ ಕುಳಿತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಿಸಿ ಹೊದಿಕೆ ಮಡಚಿ ಮಡಚಿ ಅವಳ ಬೆರಳ ತುದಿಗಳು ಮರಗಟ್ಟಿ ಹೋಗಿದ್ದವು. ಆಗಷ್ಟೇ ತಂದುಕೊಟ್ಟ ಹಬೆಯಾಡುವ ಚಹಾವನ್ನು ಲೋಟದ ನಡುವಿಗೇ ಹಿಡಿದು ಕುಡಿಯುತ್ತಿದ್ದಳು. ಬಾಯಿಯೂ ಸುಡುತ್ತಿರಲಿಲ್ಲವೇನೋ.

ಹನ್ನೊಂದು ತಿಂಗಳ ಹಿಂದೆ ಅವಳ ತಂಗಿ ಕಾಣೆಯಾಗಿದ್ದಳು. ಮೂರು ವಾರ ಬಿಟ್ಟು ಹಳೆಯ ಕಲ್ಲುಗಣಿಯ ನೀರಿನಲ್ಲಿ ಒಂದು ಹೆಂಗಸಿನ ಹೆಣ ತೇಲಿತು. ಮುಖ ಗುರುತು ಹತ್ತುವಂತಿರಲಿಲ್ಲ. ಮೈಮೇಲಿದ್ದ ಸ್ವೆಟರ್ ತಾನೇ ಹೆಣೆದದ್ದೆಂದು ಅಕ್ಕ ಹೇಳಿದಳು. ಅದೇ ಮಾತನ್ನು ಕೋರ್ಟಿನಲ್ಲೂ ಹೇಳಿದಳು. ತಂಗಿಯ ಗಂಡ ಕೊಲೆ ಆರೋಪದ ಮೇಲೆ ಜೈಲಿನಲ್ಲಿದ್ದ. ಸೋಮವಾರ ತೀರ್ಪು.

ಹೀಗಿರುವಾಗ ಹೋದ ಮಂಗಳವಾರ ಅಂಚೆಯಲ್ಲಿ ತಂಗಿಯ ಪತ್ರ ಬಂತು. ಅವಳದೇ ಅಕ್ಷರ, ಮೇಲೆ ಆ ವಾರದ್ದೇ ತಾರೀಖು.

ದುರ್ಬೀನಮ್ಮನಿಗೆ ಈ ಅಡ್ಡಹೆಸರು ಇಟ್ಟವರು ಪೊಲೀಸರು, ಸೀಸೆಯ ತಳದಂಥ ಅವಳ ಕನ್ನಡಕವನ್ನು ನೋಡಿ. ಹತ್ತೊಂಬತ್ತು ವರ್ಷ ವಿಮಾ ಕಂಪನಿಯೊಂದರಲ್ಲಿ ಅವಳಿಗೆ ಇದ್ದದ್ದು ಒಂದೇ ಕೆಲಸ: ಸತ್ತರೆಂದು ಕಾಗದ ಬಂದವರು ನಿಜವಾಗಿಯೂ ಸತ್ತಿದ್ದಾರೆಯೇ ಎಂದು ಹೋಗಿ ನೋಡಿ ಬರುವುದು. ಆ ಕಸುಬಿನಲ್ಲಿ ಅವಳು ಬಹಳ ಅಳು ನೋಡಿದ್ದಳು, ಬಹಳ ನಟನೆ ನೋಡಿದ್ದಳು. ಪತ್ರ ಹಿಡಿದು ತನ್ನ ಬಾಗಿಲಿಗೆ ಬಂದ ಅಕ್ಕನಲ್ಲಿ ಎರಡೂ ಇರಲಿಲ್ಲ. "ಇದೇನು ಅಂತ ನೋಡಿ ಹೇಳಿ" ಎಂದಿದ್ದಳು, ತೂಕ ಮಾಡಿಕೊಡಿ ಅನ್ನುವಂತೆ.

"ಸರಿ," ಎಂದಳು ದುರ್ಬೀನಮ್ಮ ಕೋಚಿನತ್ತ ತಿರುಗಿ. "ನನ್ನ ಪ್ರಶ್ನೆ ಇದು. ಇವರ ತಂಗಿ ನಿಮ್ಮ ಹತ್ರ ಬರ್ತಿದ್ದಳು. ಗಂಡನ್ನ ಬಿಡು ಅಂತ ನೀವು ಹೇಳಿಕೊಟ್ರಾ?"

"ಅವನ ವಕೀಲರೂ ಹೀಗೇ ಕೇಳಿದ್ರು. ಇಲ್ಲ."

"ಅವಳು ನಿಮ್ಮನ್ನ ಕೇಳಿರ್ಲಿಲ್ವೆ?"

"ಪ್ರತಿ ವಾರ ಕೇಳ್ತಿದ್ಲು. ಬಿಡ್ಲಾ, ಇರ್ಲಾ ಅಂತ. ಒಂದ್ಸಲಾನೂ ನಾನು ಉತ್ತರ ಕೊಡಲಿಲ್ಲ."

"ಯಾಕೆ, ಬಾಯಿ ಬಿಟ್ರೆ ಮುತ್ತು ಉದುರ್ತಿತ್ತಾ?"

ಕೋಚ್ ಮತ್ತೆ ಮೂರು ಉಸಿರು ಎಳೆದುಕೊಂಡಳು.

"ನಾನು ಬಿಡು ಅಂತೀನಿ ಅಂತಿಟ್ಕೊಳ್ಳಿ. ಅವಳು ಬಿಡ್ತಾಳೆ. ಮುಂದೆ ಒಂದು ದಿನ ಕಷ್ಟ ಬಂದಾಗ, ಇದು ಆಯಮ್ಮ ಹೇಳಿದ್ದು, ನಾನು ಮಾಡಿದ್ದಲ್ಲ ಅಂತ ವಾಪಸ್ ಹೋಗ್ತಾಳೆ. ಇಂಥವು ಹತ್ತು ನೋಡಿದೀನಿ. ಅದಕ್ಕೇ ನಾನು ಕೇಳೋದಷ್ಟೇ. ನಿಂಗೇನಾಗ್ಬೇಕು? ಅದಕ್ಕೆ ಈ ವಾರ ಒಂದೇ ಒಂದು ಏನು ಮಾಡ್ತೀಯ? ಅವಳೇ ಹೇಳ್ಬೇಕು, ಅವಳೇ ಪುಸ್ತಕದಲ್ಲಿ ಬರ್ಕೋಬೇಕು. ಮುಂದಿನ ವಾರ ಬಂದಾಗ ಮಾಡಿದ್ಯಾ ಅಂತ ಕೇಳ್ತೀನಿ."

"ನಮ್ಮತ್ತೆ ಇದನ್ನೆಲ್ಲ ದಿನಾ ಪುಕ್ಕಟೆ ಕೇಳ್ತಿದ್ರು."

"ಉತ್ತರ ಹೇಳೋ ತನಕ ಕಾಯ್ತಿದ್ರಾ?"

ಅತ್ತೆ ಕಾದದ್ದು ದುರ್ಬೀನಮ್ಮನ ನೆನಪಿಗೆ ಬರಲಿಲ್ಲ.

"ಅವನು ಹೊಡೀತಿದ್ದ, ನಿಮಗೆ ಗೊತ್ತಿತ್ತು. ಆಗ್ಲೂ ಕೇಳ್ತಾ ಕೂತಿದ್ರಾ?"

"ಇಲ್ಲ. ಹಳೇ ನೋವಿದ್ರೆ ಅದು ಡಾಕ್ಟರ ಕೆಲಸ. ಹೊಡೆತ ಇದ್ರೆ ಪೊಲೀಸರದು. ಅದನ್ನ ನನ್ನದು ಅಂತ ಹಚ್ಕೊಂಡ್ರೆ ನಾನು ಕೆಲಸ ಬಿಡ್ಬೇಕು. ಎರಡು ಕಡೆ ಫೋನ್ ನಂಬರೂ ಬರೆದುಕೊಟ್ಟೆ. ಮೂರು ಸಲ."

"ಹೋದ್ಲಾ?"

"ಮೂರು ಸಲಾನೂ ಚೀಲದಲ್ಲಿ ಇಟ್ಕೊಂಡ್ಲು."

ಕೆಳಗಿನ ಯಂತ್ರ ನಿಂತಿತು. ಅಷ್ಟರಲ್ಲಿ ಅಕ್ಕ ಮೊದಲ ಸಲ ಬಾಯಿ ತೆರೆದಳು.

"ನನ್ನನ್ನೂ ಕೇಳಿದ್ಲು."

ಇಬ್ಬರೂ ಅವಳತ್ತ ನೋಡಿದರು.

"ನಾನು ಉತ್ತರ ಕೊಟ್ಟೆ. ಹೊಂದ್ಕೊಂಡು ಹೋಗು ಅಂದೆ. ಆವತ್ತು ಲಾಂಡ್ರಿಗೇ ಬಂದಿದ್ಲು. ಆಪರೇಷನ್ ಕೋಣೆಯ ಬಟ್ಟೆ ತುರ್ತಾಗಿ ಹೋಗ್ಬೇಕಿತ್ತು. ಮಡಚ್ತಾ ಮಡಚ್ತಾನೇ ಹೇಳಿದೆ. ತಲೆ ಎತ್ಲಿಲ್ಲ." ಲೋಟವನ್ನು ನೆಲದ ಮೇಲಿಟ್ಟಳು. "ಅವನಿಗೆ ಶಿಕ್ಷೆ ಆದ್ರೆ ನಾನು ಕೋರ್ಟಲ್ಲಿ ಹೇಳಿದ್ದು ಸರಿ ಅಂತಾಗುತ್ತೆ. ಅವಳು ಬದುಕಿದ್ರೆ ಅದೂ ತಪ್ಪು. ಎರಡು ಸಲ ಬಾಯಿಬಿಟ್ಟೆ, ಎರಡೂ ತಪ್ಪು ಅಂತಾಗುತ್ತೆ. ಅಷ್ಟು ತಿಳ್ಕೊಳ್ಳೋಕೆ ಬಂದೆ."

ಅವಳು ಇದನ್ನೆಲ್ಲ ಹೇಳಿದ್ದು ಬಸ್ಸಿನ ವೇಳೆ ಹೇಳುವ ದನಿಯಲ್ಲಿ.

ದುರ್ಬೀನಮ್ಮ ಚೀಲದಿಂದ ಪತ್ರ ತೆಗೆದು ಕೋಚಿನ ಕೈಗಿಟ್ಟಳು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ತಂಗಿಗೆ ಕೆಲಸ. ಕಡಲೆ ಗಾತ್ರದ ಅಚ್ಚುಗಳ ಮೇಲೆ ರೋಗಿಯ ನಂಬರು ಬರೆದೂ ಬರೆದೂ ಅವಳ ಅಕ್ಷರ ಇರುವೆ ಸಾಲಿನಂತಾಗಿತ್ತು. ಪತ್ರ ಐದೇ ಸಾಲು.

‘ಇವತ್ತಿಗೆ ಒಂದು ವರ್ಷ. ಬೆಳಿಗ್ಗೆ ನಿದ್ದೆ ತಾನಾಗಿ ಮುಗಿದ ಮೇಲೆ ಏಳುತ್ತೇನೆ. ಬಾಗಿಲ ಚಿಲಕವನ್ನು ಒಳಗಿನಿಂದ ನಾನೇ ಹಾಕುತ್ತೇನೆ, ನಾನೇ ತೆಗೆಯುತ್ತೇನೆ. ಮೆಟ್ಟಿಲ ಮೇಲೆ ಸಪ್ಪಳವಾದರೆ ಪಕ್ಕದ ಮನೆಯವರು ಎಂದುಕೊಂಡು ಸುಮ್ಮನಿರುತ್ತೇನೆ. ನನಗೆ ಬೇಕಾಗಿದ್ದುದು ಇಷ್ಟೇ.’

ಓದುತ್ತಿದ್ದಂತೆ ಕೋಚಿನ ಉಸಿರಿನ ಲೆಕ್ಕ ತಪ್ಪಿತು. ಅದನ್ನು ದುರ್ಬೀನಮ್ಮ ಗಮನಿಸಿದಳು.

"ಇದು ನಾನು ಬರೆಸಿದ್ದು," ಎಂದಳು ಕೋಚ್.

"ಯಾವಾಗ?"

"ಹೋದ ವರ್ಷ. ಹನ್ನೆರಡನೇ ವಾರಕ್ಕೆ ಎಲ್ಲರ ಕೈಲೂ ಬರೆಸ್ತೀನಿ. ಒಂದು ವರ್ಷ ಕಳೆದಿದೆ, ನಿಮಗೆ ಬೇಕಾಗಿದ್ದು ಆಗಿದೆ ಅಂತಿಟ್ಕೊಂಡು ಆ ದಿನ ಹೇಗಿರುತ್ತೆ ಬರೀರಿ ಅಂತೀನಿ. ‘ಇವತ್ತಿಗೆ ಒಂದು ವರ್ಷ’ ಅಂತಾನೇ ಶುರು ಮಾಡ್ಬೇಕು. ತಾರೀಖೂ ಮುಂದಿನ ವರ್ಷದ್ದೇ ಹಾಕ್ತಾರೆ. ಕವರಿಗೆ ಹಾಕಿ, ಅಂಟಿಸಿ, ವಿಳಾಸ ಬರೆದು ಕೊಡ್ತಾರೆ. ನಾನು ಒಡೆಯೋದಿಲ್ಲ. ಆ ಬೀರುವಿನಲ್ಲಿರುತ್ತೆ. ತಾರೀಖು ಬಂದಾಗ ಅಂಚೆಗೆ ಹೋಗುತ್ತೆ."

"ಸತ್ತವರದ್ದೂ ಹೋಗುತ್ತಾ?"

ಕೋಚ್ ಎದ್ದು ಬಾಗಿಲು ತೆರೆದು ಕೂಗಿದಳು. "ಪೋಸ್ಟಣ್ಣ, ಸ್ವಲ್ಪ ಬನ್ನಿ. ರಿಜಿಸ್ಟರೂ ತನ್ನಿ."

ಹೊರಗಿನ ಮೇಜಿನಲ್ಲಿ ಕೂರುವ ಮುದುಕ ಒಳಗೆ ಬಂದ. ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾಗಿ, ಮನೆಯಲ್ಲಿ ಸೊಸೆಯ ಕಾಲಿಗೆ ತೊಡರುವುದು ಬೇಡವೆಂದು ಇಲ್ಲಿ ಸೇರಿಕೊಂಡವನು. ನೀಲಿ ರಟ್ಟಿನ ಉದ್ದನೆಯ ಪುಸ್ತಕವನ್ನು ಎದೆಗವಚಿಕೊಂಡಿದ್ದ.

"ಹೋದ ವಾರ ಅಳಿಲು ಅನ್ನೋರ ಪತ್ರ ಹಾಕಿದ್ರಾ?" ಕೋಚ್ ಕೇಳಿದಳು.

"ಹಾಕದೆ? ಶನಿವಾರ ಡಬ್ಬಿಗೆ ಹಾಕ್ದೆ, ಮಂಗಳವಾರ ಕೈ ಸೇರಿರುತ್ತೆ. ನಾನು ತಾರೀಖು ತಪ್ಸಿದ್ದು ನನ್ನ ಮದ್ವೇಲಿ ಮಾತ್ರ ಮೇಡಂ, ಅದೂ ಬಸ್ಸು ಕೆಟ್ಟಿತ್ತು."

ಯಾರೂ ನಗಲಿಲ್ಲ. ಪೋಸ್ಟಣ್ಣ ಗಂಟಲು ಸರಿಮಾಡಿಕೊಂಡ.

"ಅಳಿಲು ಅಂದ್ರೆ?" ಎಂದಳು ದುರ್ಬೀನಮ್ಮ.

"ಇಲ್ಲಿ ಬಂದ ಮೊದಲನೇ ದಿನ ಎಲ್ಲರೂ ತಮಗೆ ತಾವೇ ಒಂದು ಹೆಸರಿಟ್ಕೊಳ್ತಾರೆ," ಎಂದಳು ಕೋಚ್. "ಪುಸ್ತಕದಲ್ಲಿ ಆ ಹೆಸರು, ಒಂದು ನಂಬರು, ಅಷ್ಟೇ. ನಿಜವಾದ ಹೆಸರು ನನಗೊಬ್ಬಳಿಗೇ ಗೊತ್ತು. ಪೋಸ್ಟಣ್ಣನಿಗೂ ಹೇಳಲ್ಲ." ಅಲ್ಲಿಗೆ ನಿಲ್ಲಿಸಿ, ಬೇರೆಯವರ ತಪ್ಪನ್ನು ಓದುವವಳಂತೆ ನಿಧಾನವಾಗಿ ಮುಂದುವರಿಸಿದಳು. "ಪೇಪರಿನಲ್ಲಿ ಅವಳ ಫೋಟೋ ಬಂತು. ಪೊಲೀಸರು ಬಂದು ಹೋದ್ರು. ಅಳಿಲು ಅಂದ್ರೆ ಅವಳೇ ಅಂತ ಪೋಸ್ಟಣ್ಣನಿಗೆ ನಾನು ಹೇಳ್ಲೇ ಇಲ್ಲ. ಗುಟ್ಟು ಕಾಯೋ ಭರದಲ್ಲಿ ಸತ್ತವಳ ಪತ್ರ ಅಂಚೆಗೆ ಹೋಯ್ತು."

ಪೋಸ್ಟಣ್ಣನ ಕೆಳದವಡೆ ಜೋತುಬಿತ್ತು. ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ದುರ್ಬೀನಮ್ಮ ಅಕ್ಕನ ಕಡೆ ವಾಲಿದಳು. ಇಂಥ ಸುದ್ದಿಯನ್ನು ಸುತ್ತಿಬಳಸಿ ಹೇಳಬಾರದೆಂದು ಅವಳು ಕಲಿತಿದ್ದಳು.

"ಅವಳು ಕಾಣೆಯಾಗೋಕೆ ಒಂದು ತಿಂಗಳು ಮುಂಚೆ ಬರೆದಿಟ್ಟ ಪತ್ರ ಇದು. ಈಗ ಬಂದಿದೆ, ಅಷ್ಟೇ. ಅರ್ಥ ಆಯ್ತೇನಮ್ಮಾ?"

"ಹೂಂ."

"ಬದುಕಿದ್ದಾಳೆ ಅನ್ನೋಕೆ ಇದು ಸಾಕ್ಷಿಯಲ್ಲ."

"ಹೂಂ. ಹಾಗಾದ್ರೆ ಸತ್ತಿದ್ದಾಳೆ." ಅಕ್ಕ ತಲೆಯಾಡಿಸಿದಳು. ಬೆನ್ನು ಕುರ್ಚಿಗೆ ತಾಗಿತು. ಬಂದಾಗಿನಿಂದ ಅವಳು ಒರಗಿಯೇ ಇರಲಿಲ್ಲ. "ಹಾಗಾದ್ರೆ ನಾನು ಹೇಳಿದ್ದು ಸರಿ. ಹೋಗೋಣ ಮೇಡಂ, ನಂಗೆ ಎರಡು ಗಂಟೆ ಪಾಳಿಯಿದೆ."

ಅವಳು ಎದ್ದಳು. ದುರ್ಬೀನಮ್ಮ ಏಳಲಿಲ್ಲ. ವಿಮಾ ಕಂಪನಿಯ ಹತ್ತೊಂಬತ್ತು ವರ್ಷ ಅವಳಿಗೆ ಕೊಟ್ಟ ಕೆಟ್ಟ ಚಾಳಿಯೊಂದಿತ್ತು: ಎಲ್ಲ ಸರಿಹೋಯಿತು ಎಂದಾಗ ಇನ್ನೊಂದು ಸಲ ಕಡತ ತಿರುವುವುದು.

"ಒಂದ್ನಿಮಿಷ. ಇವರೇ, ಈ ಪತ್ರ ಅವಳಿಗೆ ಅವಳೇ ಬರ್ಕೊಂಡಿದ್ದು. ಅವಳ ಮನೆಗೇ ಹೋಗ್ಬೇಕಿತ್ತು. ಅಕ್ಕನ ಮನೆಗ್ಯಾಕೆ ಬಂತು?"

"ಗಂಡನ ಕೈಗೆ ಸಿಕ್ಕೀತು ಅಂತ ಕೆಲವರು ಅಕ್ಕ ತಂಗಿಯರ ವಿಳಾಸ ಹಾಕ್ತಾರೆ," ಎಂದಳು ಕೋಚ್.

"ಇರಬಹುದು. ಕವರ್ ಎಲ್ಲಮ್ಮ?"

ಅಕ್ಕ ಚೀಲದಿಂದ ಕವರ್ ತೆಗೆದಳು. ಅದನ್ನೂ ನಾಲ್ಕಾಗಿ, ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದಳು. ದುರ್ಬೀನಮ್ಮ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ ಮೂಗಿನ ತುದಿಗೆ ತಂದುಕೊಂಡು ಓದಿದಳು. ಅದೇ ಇರುವೆ ಸಾಲು. ಲಾಂಡ್ರಿಯ ಹಿಂದಿನ ಓಣಿ. ಬಣ್ಣದಂಗಡಿಯ ಮೇಲೆ. ಮೂರನೇ ಮಹಡಿ, ಬಲಗಡೆ ಬಾಗಿಲು.

"ಈ ಮನೆಗೆ ಬಂದು ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು. ಪೇಪರಿನೋರು ಬಂದು ಬಾಗಿಲು ತಟ್ತಾರೆ ಅಂತ ಹಳೇ ಮನೆಯವರು ಬಿಡಿಸಿದ್ರು."

ಹೇಳಿ ಮುಗಿಸಿದ ಮೇಲೂ ಅಕ್ಕನಿಗೆ ತಾನು ಏನು ಹೇಳಿದೆನೆಂದು ತಿಳಿಯಲಿಲ್ಲ.

"ಒಂದು ವರ್ಷದ ಹಿಂದೆ ಅಂಟಿಸಿದ ಕವರಿನ ಮೇಲೆ," ಎಂದಳು ದುರ್ಬೀನಮ್ಮ, "ನಾಲ್ಕು ತಿಂಗಳ ಹಿಂದೆ ಹೋದ ಮನೆ ವಿಳಾಸ ಹೇಗೆ ಬಂತು? ನೀವು ನೋಡ್ಲಿಲ್ವೇನಮ್ಮಾ?"

"ನೋಡ್ದೆ. ನಮ್ಮನೆಗೆ ಬಂದ ಪತ್ರದ ಮೇಲೆ ನಮ್ಮನೆ ವಿಳಾಸ ಇರದೆ ಇನ್ನೇನಿರುತ್ತೆ ಅಂದ್ಕೊಂಡೆ."

ಕೆಳಗೆ ಯಂತ್ರ ಮತ್ತೆ ಶುರುವಾಯಿತು. ಆ ಸದ್ದಿನ ನಡುವೆ ಪೋಸ್ಟಣ್ಣ ಪುಸ್ತಕದ ಹಾಳೆ ತಿರುವಿ, ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದ.

"ಕವರ್ ಬದಲಾಯಿಸಿದ್ರಲ್ಲ ಮೇಡಂ, ಅದಕ್ಕೇ. ಇಲ್ಲಿದೆ ನೋಡಿ. ಹಾಗೆ ಬದಲಾಯಿಸೋದಕ್ಕೆ ಯಾರಿಗೂ ಅಡ್ಡಿಯಿಲ್ಲ. ಹೆಸರು ಅಳಿಲು, ನಂಬರು ನಲವತ್ತೇಳು. ಎರಡೂ ಸರಿಯಾಗಿ ಹೇಳಿದ್ರು. ಹಳೇದು ವಾಪಸ್ ತಗೊಂಡು ಹೊಸದು ಅಂಟಿಸಿದ್ದು ಕೊಟ್ರು. ಸೈನೂ ಮಾಡಿದಾರೆ."

"ಯಾವಾಗ?"

"ಎರಡು ತಿಂಗಳ ಹಿಂದೆ. ಬುಧವಾರ. ಕೋಚ್ ಮೇಡಂ ಆವತ್ತು ರಜದಲ್ಲಿದ್ರು."

"ಯಾರು ಬಂದಿದ್ದು ಪೋಸ್ಟಣ್ಣ?"

ಮುದುಕ ಒಬ್ಬೊಬ್ಬರ ಮುಖವನ್ನೂ ನೋಡಿದ. ತನ್ನನ್ನು ಕುರಿ ಮಾಡುತ್ತಿದ್ದಾರೇನೋ ಎಂಬ ಅನುಮಾನ ಅವನಿಗೆ.

"ಯಾರು ಅಂದ್ರೆ? ಈಯಮ್ಮನೇ." ಅಕ್ಕನ ಕಡೆ ಗದ್ದ ತೋರಿಸಿದ. "ನೀವೇ ಅಲ್ವೇನಮ್ಮಾ? ಬಾಗಿಲಲ್ಲೇ ಗುರುತು ಸಿಕ್ತು. ನೀವು ಮಾತಾಡಿಸ್ಲಿಲ್ಲ, ನಾನೂ ಸುಮ್ನಾದೆ."

"ನಾನು ಈ ಮೆಟ್ಟಿಲು ಹತ್ತಿದ್ದು ಇವತ್ತೇ ಮೊದಲು."

"ಅದೇ ಹಣೆ, ಅದೇ ಕಣ್ಣು. ಆವತ್ತು ತಲೆ ಇಷ್ಟು ನರೆತಿರ್ಲಿಲ್ಲ ಅಷ್ಟೇ. ಬಣ್ಣ ಗಿಣ್ಣ ಹಾಕಿದ್ರೇನೋ ಅಂದ್ಕೊಂಡೆ."

"ನೀವು ಇಲ್ಲಿ ಸೇರಿ ಎಷ್ಟು ದಿನ?" ದುರ್ಬೀನಮ್ಮ ಕೇಳಿದಳು.

"ಎಂಟು ತಿಂಗಳು."

ಅಂದರೆ ತಂಗಿಯನ್ನು ಅವನು ಹಿಂದೆ ಎಂದೂ ಕಂಡವನಲ್ಲ. ದುರ್ಬೀನಮ್ಮನ ಮುಂದೆ ಎರಡೇ ದಾರಿಗಳಿದ್ದವು. ಒಂದೋ ಪಕ್ಕದಲ್ಲಿ ನಿಂತಿರುವ ಈ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ. ಇಲ್ಲವೇ ಹತ್ತು ತಿಂಗಳ ಹಿಂದೆಯೇ ಸತ್ತಿದ್ದವಳು ಎರಡು ತಿಂಗಳ ಹಿಂದೆ ಈ ಮೆಟ್ಟಿಲು ಹತ್ತಿ, ಪೆನ್ನು ಕೇಳಿ ಪಡೆದು, ಸೈನು ಮಾಡಿ ಇಳಿದು ಹೋಗಿದ್ದಾಳೆ. ಹಾಗಿದ್ದರೆ ಕಲ್ಲುಗಣಿಯಲ್ಲಿ ಸಿಕ್ಕಿದವಳು ಇನ್ನಾರದೋ ಮಗಳು, ಇನ್ನಾರದೋ ತಂಗಿ. ಅವಳನ್ನು ಈವರೆಗೆ ಯಾ‌ರೂ ಹುಡುಕಿಲ್ಲ.

ಪೋಸ್ಟಣ್ಣ ಪುಸ್ತಕವನ್ನು ಅಕ್ಕನ ಕಡೆ ತಿರುಗಿಸಿದ. ಅಕ್ಕ ಬಗ್ಗಿ ಆ ಸೈನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾರ ಅಕ್ಷರ?" ದುರ್ಬೀನಮ್ಮ ಕೇಳಿದಳು.

ಅಕ್ಕ ದುರ್ಬೀನಮ್ಮನ ಕೈಯಲ್ಲಿದ್ದ ಕವರನ್ನು ಮೆಲ್ಲಗೆ, ಕೇಳದೆಯೇ ತೆಗೆದುಕೊಂಡಳು. ನಾಲ್ಕಾಗಿ ಮಡಚಿದಳು.

"ಅದನ್ನ ನನಗೆ ಕೊಡಿ," ಎಂದಳು ದುರ್ಬೀನಮ್ಮ. "ಇವತ್ತೇ ಅವನ ವಕೀಲರಿಗೆ ಮುಟ್ಟಿಸ್ಬೇಕು. ನಾಳೆ, ನಾಡಿದ್ದು ಕೋರ್ಟು ರಜೆ."

"ಸೋಮವಾರ ಆಗ್ಲಿ. ಆಮೇಲೆ ಕೊಡ್ತೀನಿ."

"ಆಮೇಲೆ ಕೊಟ್ರೇನು ಬಂತು? ತೀರ್ಪು ಆಗಿಹೋಗಿರುತ್ತೆ."

"ಆಗ್ಲಿ."

"ಅಮ್ಮಾ, ಅವನು ಕೊಲೆ ಮಾಡದೇ ಇರಬಹುದು!"

"ಅವಳ ಮುಂದಿನ ಎರಡು ಹಲ್ಲು ಮುರಿದಿದ್ದ," ಎಂದಳು ಅಕ್ಕ. ದನಿ ಏರಲಿಲ್ಲ. "ಬೇರೆಯವರ ಹಲ್ಲು ಮಾಡೋ ಕೆಲಸ ಅವಳದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತನ್ನ ಬಾಯಿ ಅಚ್ಚು ತಾನೇ ತೆಗೆದು, ತಾನೇ ಮಾಡಿ ಹಾಕ್ಕೊಂಡ್ಲು. ಅದಕ್ಕೆ ಯಾವ ಕೋರ್ಟೂ ಸೋಮವಾರ ಇಟ್ಟಿರ್ಲಿಲ್ಲ."

ಅವಳು ಕವರನ್ನು ಚೀಲಕ್ಕೆ ಹಾಕಿ ಬಾಗಿಲು ದಾಟಿದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆಗಳು ಅವಸರವಿಲ್ಲದೆ ಒಂದೊಂದಾಗಿ ಇಳಿದವು.

ಉಳಿದದ್ದು ರಿಜಿಸ್ಟರ್. ದುರ್ಬೀನಮ್ಮ ಅದರ ಮೇಲೆ ಕೈಯಿಟ್ಟಳು. ಇನ್ನೊಂದು ಬದಿಯಿಂದ ಕೋಚಿನ ಕೈ ಬಂದು ಅದನ್ನು ಎಳೆದುಕೊಂಡಿತು.

"ಇದನ್ನ ಕೊಡಕ್ಕಾಗಲ್ಲ."

"ಇಷ್ಟು ಹೊತ್ತು ತೋರಿಸಿದ್ರಲ್ಲ?"

"ಇಷ್ಟು ಹೊತ್ತು ಅವಳು ಸತ್ತಿದ್ಲು." ಕೋಚ್ ಪುಸ್ತಕವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. "ಈಗ ಅವಳು ನಾನು ಗುಟ್ಟು ಕಾಯ್ಬೇಕಾದೋಳು. ಅವನು ಹೊರಗೆ ಬಂದ್ರೆ ಮೊದಲು ಹುಡುಕೋದು ಯಾರನ್ನ, ಮೇಡಂ?"

ಕೇಳಿ ಸುಮ್ಮನೆ ಕಾದಳು.

ಕೆಳಗೆ ರಸ್ತೆಯಿಂದ ಹೆಂಗಸಿನ ದನಿಯೊಂದು ಕೇಳಿಸಿತು.

"ಅಕ್ಕಾ!"

ಬೀದಿಯಲ್ಲಿ ಯಾರು ಯಾರನ್ನು ಬೇಕಾದರೂ ಹಾಗೆ ಕರೆಯಬಹುದು. ಆದರೂ ಕೋಚಿನ ಮುಖ ಬಿಳಿಚಿಕೊಂಡಿತು. ಆ ದನಿಯನ್ನು ಹನ್ನೆರಡು ವಾರ ಎದುರು ಕೂರಿಸಿಕೊಂಡು ಕೇಳಿದ್ದವಳು ಅವಳು. ದುರ್ಬೀನಮ್ಮ ಕಿಟಕಿಗೆ ಧಾವಿಸಿದಳು. ಎದುರು ಬದಿಯಲ್ಲಿ ಬಸ್ಸೊಂದು ನಿಂತಿತ್ತು. ಕರೆದವರು ಅದರ ಮರೆಯಲ್ಲಿದ್ದರು, ಕಾಣಲಿಲ್ಲ.

ಕಂಡದ್ದು ಅಕ್ಕ ಮಾತ್ರ. ರಸ್ತೆಯ ನಡುವೆ, ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ನಿಂತಲ್ಲೇ ನಿಂತಿದ್ದಳು.

"ಅಕ್ಕಾ!" ದನಿ ಇನ್ನೊಮ್ಮೆ ಕರೆಯಿತು.

ಅಕ್ಕ ತಿರುಗಿ ನೋಡಲಿಲ್ಲ.